ಆಷಾಢದ ರಿಯಾಯಿತಿಯೂ ಪರಿಗ್ರಹ ಪರಿಮಾಣವೂ

ಆಷಾಢವು ಶ್ರಾವಕನ ಪಂಚಾಂಗದಲ್ಲಿ ನಿಯಮಗಳ ಮಾಸ. ಶುಕ್ಲಪಕ್ಷದ ಅಷ್ಟಮಿಯಿಂದ ಪೂರ್ಣಿಮೆಯವರೆಗೆ ಅಷ್ಟಾಹ್ನಿಕ ಪರ್ವ. ಬಸದಿಗಳಲ್ಲಿ ನಂದೀಶ್ವರ ಪೂಜೆ, ಮನೆಗಳಲ್ಲಿ ಉಪವಾಸ, ಏಕಭುಕ್ತ. ಅದೇ ಪಕ್ಷದ ಚತುರ್ದಶಿಯ ಹೊತ್ತಿಗೆ ಮುನಿಸಂಘಗಳು ವರ್ಷಾಯೋಗವನ್ನು ಸ್ಥಾಪಿಸಿ, ಮಳೆಗಾಲದಲ್ಲಿ ಹುಟ್ಟುವ ಅಸಂಖ್ಯ ಜೀವಗಳ ರಕ್ಷಣೆಗಾಗಿ ವಿಹಾರವನ್ನು ನಿಲ್ಲಿಸುತ್ತವೆ. ಆದರೆ ಇದೇ ಮಾಸದಲ್ಲಿ ಕರ್ನಾಟಕದ ಪೇಟೆಬೀದಿಗಳಲ್ಲಿ ಬೇರೊಂದು ಪರ್ವವೂ ನಡೆಯುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಮದುವೆಗಳಿಲ್ಲದ ಕಾರಣ ಜವಳಿ ಅಂಗಡಿಗಳಲ್ಲಿ ಗಿರಾಕಿಗಳು ವಿರಳ, ಆದುದರಿಂದ ವರ್ತಕನು ಬೆಲೆಯನ್ನಿಳಿಸಿ ರಿಯಾಯಿತಿಯ ಫಲಕವನ್ನು ತೂಗುಹಾಕುತ್ತಾನೆ. ಒಂದೆಡೆ ‘ಬಿಡು’ ಎನ್ನುವ ಪರ್ವ, ಇನ್ನೊಂದೆಡೆ ‘ಕೊಳ್ಳು’ ಎನ್ನುವ ಕರೆ. ಬೆಳಿಗ್ಗೆ ಅಭಿಷೇಕಕ್ಕೆ ಬಂದ ಮನೆಮಂದಿಯೇ ಸಂಜೆ ಜವಳಿ ಅಂಗಡಿಯ ಮೆಟ್ಟಿಲನ್ನು ಹತ್ತುವರು.

ಇಲ್ಲಿ ವಿಚಾರವಂತರು ಯೋಚಿಸಬೇಕಾದ ಒಂದು ಸೋಜಿಗವಿದೆ. ಎಂಟು ದಿನ ಹಸಿವನ್ನು ಗೆಲ್ಲಬಲ್ಲ ಶ್ರಾವಿಕೆ ಒಂದು ಫಲಕವನ್ನು ದಾಟಿ ಹೋಗಲಾರಳು. ಅಂಗಡಿಯಲ್ಲಿ ಲೇವಾದೇವಿಯ ಲೆಕ್ಕವನ್ನು ಕಾಸು ತಪ್ಪದಂತೆ ಇಡುವ ಶ್ರಾವಕನು ಎರಡು ಅಂಗಿ ಕೊಂಡರೆ ಮೂರನೆಯದು ಉಚಿತವೆಂದಾಗ, ತನಗೆ ಬೇಕಾದುದು ಒಂದೇ ಎಂಬುದನ್ನು ಮರೆಯುವನು. 3,000 ರೂಪಾಯಿ ಎಂಬುದನ್ನು ಹೊಡೆದುಹಾಕಿ 1,800 ಎಂದು ಬರೆದ ಸೀರೆಯನ್ನು ಕೊಂಡು ಬಂದವರು, ‘1,200 ರೂಪಾಯಿ ಉಳಿಯಿತು’ ಎಂದು ಸಂತೋಷಪಡುವರು. ಉಳಿದ ಆ ಹಣವು ಪೆಟ್ಟಿಗೆಯಲ್ಲಿಲ್ಲ, ಎಲ್ಲಿಯೂ ಇಲ್ಲ. ಹೋದ 1,800 ಮಾತ್ರ ನಿಜವಾಗಿ ಹೋಗಿದೆ. ತಂದ ಸೀರೆ ಮಡಿಕೆ ಬಿಚ್ಚದೆ ಬೀರುವಿನಲ್ಲಿ ಮಲಗುತ್ತದೆ. ಮುಂದಿನ ಆಷಾಢಕ್ಕೆ ಅದರ ಮೇಲೆ ಮತ್ತೊಂದು. ಉಡುವುದಕ್ಕೆ ಕೈ ಹೋಗುವುದು ಮಾತ್ರ ಹಳೆಯ ನಾಲ್ಕಾರು ಸೀರೆಗಳ ಕಡೆಗೇ. ಬಟ್ಟೆಯನ್ನು ಉಡುವುದಕ್ಕಾಗಿ ಕೊಳ್ಳುವುದಾದರೆ ಹೀಗಾಗಬಾರದು. ಹಾಗಾದರೆ ಇಲ್ಲಿ ಕೊಂಡದ್ದು ಏನನ್ನು?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥ ಸೂತ್ರದಲ್ಲಿ ಪರಿಗ್ರಹಕ್ಕೆ ಲಕ್ಷಣ ಹೇಳುವಾಗ ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು ಹೆಸರಿಸಿದರು. ಮೂರ್ಛೆಯೆಂದರೆ ‘ಇದು ನನ್ನದು, ಇದು ನನಗೆ ಬೇಕು’ ಎಂಬ ಮಮತ್ವದಲ್ಲಿ ಎಚ್ಚರ ತಪ್ಪುವುದು. ಈ ಶಬ್ದದ ಔಚಿತ್ಯವು ರಿಯಾಯಿತಿಯ ಅಂಗಡಿಯಲ್ಲಿ ಕಣ್ಣಿಗೆ ಕಟ್ಟುವಂತೆ ತೋರುತ್ತದೆ. ‘ಇನ್ನು ಮೂರೇ ದಿನ’ ಎಂಬ ಬರಹ ವಿಚಾರಕ್ಕೆ ಬೇಕಾದ ಕಾಲವನ್ನು ಕಸಿದುಕೊಳ್ಳುತ್ತದೆ. ಪಕ್ಕದವರು ಕೈಗೆತ್ತಿಕೊಂಡ ಸೀರೆ ಒಮ್ಮೆಗೇ ಚೆಲುವಾಗಿ ಕಾಣುತ್ತದೆ. ವಸ್ತು ಮನೆಗೆ ಬರುವ ಮೊದಲೇ ಮೂರ್ಛೆ ಬಂದಿರುತ್ತದೆ. ಬಂದ ಮೇಲೆ ವಸ್ತು ಉಳಿಯುತ್ತದೆ, ಮೂರ್ಛೆ ಮುಂದಿನ ವಸ್ತುವಿಗೆ ಸಾಗುತ್ತದೆ. ಕೊಂಡದ್ದು ಬಟ್ಟೆಯನ್ನಲ್ಲ, ಗೆದ್ದೆನೆಂಬ ಒಂದು ಗಳಿಗೆಯ ಸುಖವನ್ನು.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಮಿತವ್ಯಯವು ಗೃಹಸ್ಥನ ಗುಣವಲ್ಲವೇ, ಅಗ್ಗವಾದಾಗ ಕೊಳ್ಳುವುದು ದೋಷವೇ ಎಂಬುದು ಮೊದಲನೆಯದು. ದೋಷವಲ್ಲ. ಶಾಲೆಗೆ ಹೋಗುವ ಮಗನ ಅಂಗಿ ಹರಿದಿದ್ದು, ತಾಯಿ ಆಷಾಢದವರೆಗೆ ಕಾದು ಕಡಿಮೆ ಬೆಲೆಗೆ ಒಂದನ್ನು ತಂದರೆ ಅದು ವಿವೇಕ. ಅಲ್ಲಿ ಅಗತ್ಯ ಮೊದಲು ಹುಟ್ಟಿತು, ಬೆಲೆ ಅನಂತರ ಒದಗಿತು. ಆದರೆ ಬೆಲೆಯನ್ನು ಕಂಡ ಮೇಲೆ ಅಗತ್ಯ ಹುಟ್ಟಿದರೆ, ಆ ಅಗತ್ಯದ ತಾಯಿ ಲೋಭಕಷಾಯವೇ. ಒಂದೇ ಅಂಗಡಿಯಲ್ಲಿ ಒಂದೇ ಬೆಲೆಗೆ ಒಂದೇ ಅಂಗಿಯನ್ನು ಕೊಂಡ ಇಬ್ಬರಲ್ಲಿ ಒಬ್ಬರಿಗೆ ಅದು ವಸ್ತ್ರ, ಇನ್ನೊಬ್ಬರಿಗೆ ಪರಿಗ್ರಹ. ಭಾವದಿಂದ ಬಂಧವೆಂಬ ಜಿನಶಾಸನದ ತತ್ತ್ವಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತ ಬೇಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ಪರಿಗ್ರಹವು ಭಾವದಲ್ಲಿದೆಯಾದರೆ ಸೀರೆಗಳನ್ನು ಎಣಿಸುವುದೇಕೆ? ಷಟ್ಖಂಡವನ್ನಾಳಿದ ಭರತ ಚಕ್ರವರ್ತಿ ನಿರ್ಲಿಪ್ತನಾಗಿದ್ದು, ದೀಕ್ಷೆ ಪಡೆದ ಅಂತರ್ಮುಹೂರ್ತದಲ್ಲೇ ಕೇವಲಜ್ಞಾನವನ್ನು ಹೊಂದಲಿಲ್ಲವೇ? ಈ ಮಾತನ್ನು ಬೀರುವಿನ ಮುಂದೆ ನಿಂತು ಹೇಳುವುದು ಸುಲಭ. ಆದರೆ ನಿರ್ಲಿಪ್ತತೆಯ ಪರೀಕ್ಷೆಯೂ ಅಲ್ಲೇ ಇದೆ. ಹೊಸ ಸೀರೆಯ ಸೆರಗಿಗೆ ಅರಿಸಿನದ ಕಲೆ ತಾಗಿದಾಗ, ಕೇಳಿ ಒಯ್ದ ನೆಂಟರು ಅದನ್ನು ಮರಳಿಸದಿದ್ದಾಗ ಮನಸ್ಸು ಹೇಗಿರುತ್ತದೆಂದು ನೋಡಿಕೊಂಡರೆ ಸಾಕು. ಭರತನ ಸಂಪತ್ತು ನಮ್ಮಲ್ಲಿರುವಷ್ಟು ಸುಲಭವಾಗಿ ಭರತನ ವೈರಾಗ್ಯ ನಮ್ಮಲ್ಲಿರುವುದಿಲ್ಲ. ಆದುದರಿಂದಲೇ ಆಚಾರ್ಯರು ಮೂರ್ಛೆಯನ್ನು ದೋಷವೆಂದರೂ ಅಣುವ್ರತಿಗೆ ಸಂಖ್ಯೆಯನ್ನು ವಿಧಿಸಿದರು. ಮೂರ್ಛೆಯನ್ನು ಅಳೆಯಲಾಗದು, ಸೀರೆಯನ್ನು ಎಣಿಸಬಹುದು. ಕಾಣದುದನ್ನು ಕಾಣುವುದರ ಮೂಲಕ ಹಿಡಿಯುವ ಉಪಾಯವಿದು.

ಬಟ್ಟೆಯು ಈ ಲೆಕ್ಕದಿಂದ ಹೊರಗೆ ಉಳಿದಿಲ್ಲ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಸಾಲಿನಲ್ಲಿ ಬರುವ ‘ಕುಪ್ಯ’ವೆಂಬುದಕ್ಕೆ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನಾರುಬಟ್ಟೆ, ಹತ್ತಿ, ರೇಷ್ಮೆ ಮೊದಲಾದವು ಎಂದೇ ಅರ್ಥ ಹೇಳಿದ್ದಾರೆ. ಹೊಲಮನೆಗಳಿಗೆ ಪರಿಮಾಣ ಮಾಡಿಕೊಂಡ ಅನೇಕ ಶ್ರಾವಕರು ಈ ಕುಪ್ಯವನ್ನು ಎಣಿಸದೆ ಬಿಡುವುದುಂಟು. ಹೊಲ ತಾನಾಗಿ ಬೆಳೆಯದು, ಬಟ್ಟೆಯ ರಾಶಿ ಬೆಳೆಯುತ್ತದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭ ಎಂಬ ಮೂರು ರಿಯಾಯಿತಿಯ ಅಂಗಡಿಗೆ ವಿಶೇಷವಾಗಿ ಸಲ್ಲುತ್ತವೆ. ಮುಂದೆ ಬೇಕಾದೀತೆಂದು ಕೂಡಿಡುವುದು ಅತಿಸಂಗ್ರಹ. ಅನ್ಯರಿಗೆ ದೊರೆತ ಲಾಭವನ್ನು ಕಂಡು ‘ಅಯ್ಯೋ, ನಮಗೆ ತಪ್ಪಿತಲ್ಲ’ ಎಂದು ಕಳವಳಿಸುವುದು ವಿಸ್ಮಯ. ಇದ್ದುದರಲ್ಲಿ ತೃಪ್ತಿಯಿಲ್ಲದಿರುವುದು ಲೋಭ.

ಇಂದು ಅಂಗಡಿಗೆ ಹೋಗುವ ಶ್ರಮವೂ ಬೇಕಿಲ್ಲ. ಕೈಯಲ್ಲಿರುವ ಮೊಬೈಲಿನ ಪರದೆಯಲ್ಲಿ ಬಟ್ಟೆಯನ್ನು ಆರಿಸಿದರೆ ಅದು ಬಾಗಿಲಿಗೇ ಬರುತ್ತದೆ. ದೇಶವ್ರತವನ್ನು ಹಿಡಿದು ‘ಇಂದು ಊರ ಎಲ್ಲೆಯನ್ನು ದಾಟೆನು’ ಎಂದ ಶ್ರಾವಕನು ಕುಳಿತಲ್ಲಿಂದಲೇ ಸೂರತ್ತಿನಿಂದ ಬಟ್ಟೆಯನ್ನು ತರಿಸಬಲ್ಲನು. ಎಲ್ಲೆಯ ಹೊರಗಿನ ವಸ್ತುವನ್ನು ಒಳಗೆ ತರಿಸಿಕೊಳ್ಳುವುದಕ್ಕೆ ‘ಆನಯನ’ವೆಂದು ಹೆಸರಿಟ್ಟು, ಅದನ್ನು ದೇಶವ್ರತದ ಮೊದಲ ಅತಿಚಾರವಾಗಿ ತತ್ತ್ವಾರ್ಥ ಸೂತ್ರ ಎಣಿಸಿದೆ. ಕಾಲು ನಿಂತರೂ ಆಸೆ ನಡೆಯಬಲ್ಲದೆಂಬುದನ್ನು ಪೂರ್ವಾಚಾರ್ಯರು ಬಲ್ಲವರಾಗಿದ್ದರು.

ರೇಷ್ಮೆಯ ವಿಚಾರದಲ್ಲಿ ಪರಿಗ್ರಹದೊಂದಿಗೆ ಹಿಂಸೆಯೂ ಕೂಡಿಕೊಳ್ಳುತ್ತದೆ. ಗೂಡಿನಿಂದ ಪತಂಗ ಹೊರಬಂದರೆ ಎಳೆ ತುಂಡಾಗುವುದೆಂದು, ಒಳಗಿರುವ ಜೀವವನ್ನು ಬಿಸಿಯಿಂದ ಕೊಂದ ಬಳಿಕ ನೂಲನ್ನು ಬಿಚ್ಚುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು. ರಾತ್ರಿಭೋಜನದಲ್ಲಿ ಒಂದು ಹುಳುವಿನ ಘಾತವಾದೀತೆಂದು ಅಂಜುವ ಮನೆಯಲ್ಲಿ, ಅಗ್ಗವಾಯಿತೆಂಬ ಒಂದೇ ಕಾರಣಕ್ಕೆ ಉಡದೆ ಇಟ್ಟ ರೇಷ್ಮೆ ಸೀರೆಗೆ ಸಮಾಧಾನ ಹೇಳುವುದು ಕಷ್ಟ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಕೊಳ್ಳುವವನ ಪಾಲು ಯಾವುದೆಂದು ಪ್ರತಿಯೊಬ್ಬರೂ ಪ್ರತಿಕ್ರಮಣದ ಹೊತ್ತಿನಲ್ಲಿ ಕೇಳಿಕೊಳ್ಳಬೇಕು.

ಹಳೆಯದನ್ನು ದಾನಮಾಡಿ ಹೊಸದನ್ನು ಕೊಂಡರೆ ಸಂಖ್ಯೆ ಮೀರುವುದಿಲ್ಲವಲ್ಲ ಎಂದು ಕೆಲವರು ಹೇಳುವರು. ಬಡವರಿಗೆ ಬಟ್ಟೆ ದೊರೆಯುವುದು ಒಳ್ಳೆಯದೇ, ಅದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಬೀರುವಿನಲ್ಲಿ ಸ್ಥಳ ಮಾಡಿಕೊಳ್ಳಲು ಕೊಟ್ಟದ್ದು ತ್ಯಾಗವಾಗದು. 20 ಎಂಬ ಎಲ್ಲೆಯೊಳಗೆ ವರ್ಷಕ್ಕೆ 20 ಹೊಸ ಸೀರೆಗಳು ಬಂದು ಹೋಗಬಹುದು; ಲೆಕ್ಕ ಸರಿಯಿದ್ದು ವ್ರತ ಬರಿದಾಗಬಹುದು. ಕಷಾಯ ವಿಷಯಗಳನ್ನು ಬಿಡದೆ ಆಹಾರವನ್ನಷ್ಟೇ ಬಿಟ್ಟರೆ ಅದು ಉಪವಾಸವಲ್ಲ, ಲಂಘನವೆಂದು ಹಿರಿಯರು ಹೇಳುವರು. ಕೊಳ್ಳುವಾಸೆಯನ್ನು ಬಿಡದೆ ಎಣಿಕೆಯನ್ನಷ್ಟೇ ಕಾಯುವ ವ್ರತಕ್ಕೂ ಆ ಮಾತು ಸಲ್ಲುತ್ತದೆ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ಒಮ್ಮೆಲೇ ಎಲ್ಲವನ್ನೂ ತೊರೆಯೆಂದು ಶಾಸ್ತ್ರ ಹೇಳುವುದಿಲ್ಲ. ಅನ್ನವು ಒಮ್ಮೆ ಉಂಡು ಮುಗಿಯುವ ಭೋಗ, ವಸ್ತ್ರವು ಮತ್ತೆ ಮತ್ತೆ ಬಳಸುವ ಉಪಭೋಗ. ಇವುಗಳಿಗೆ ಕಾಲದ ಎಲ್ಲೆಯಿರುವ ನಿಯಮವನ್ನೂ, ಬದುಕಿರುವವರೆಗಿನ ಯಮವನ್ನೂ ಸಮಂತಭದ್ರರು ಬೇರೆಬೇರೆಯಾಗಿ ಹೇಳಿದ್ದಾರೆ. ದಿನ, ಪಕ್ಷ, ಮಾಸ, ಋತು, ಅಯನ ಎಂದು ಶಕ್ತಿಗೆ ತಕ್ಕ ಅವಧಿಯನ್ನು ಆರಿಸಿಕೊಳ್ಳಬಹುದು. ಮೊದಲು ಮನೆಯಲ್ಲಿರುವ ಬಟ್ಟೆಗಳನ್ನು ಹೊರತೆಗೆದು ಎಣಿಸಿ ಬರೆದಿಡಲಿ. ಆ ಸಂಖ್ಯೆಯೇ ಹಲವರಿಗೆ ಮೊದಲ ಉಪದೇಶವಾದೀತು. ಅನಂತರ ಆಷಾಢದ ಅಷ್ಟಾಹ್ನಿಕದಿಂದ ಭಾದ್ರಪದದ ದಶಲಕ್ಷಣ ಪರ್ವ ಮುಗಿಯುವವರೆಗೆ ಹೊಸ ಬಟ್ಟೆಯನ್ನು ಕೊಳ್ಳೆನೆಂಬ ನಿಯಮವನ್ನು ಜಿನಬಿಂಬದ ಮುಂದೆ ಸ್ವೀಕರಿಸಲಿ. ಉತ್ತಮ ಶೌಚ, ಉತ್ತಮ ಆಕಿಂಚನ್ಯಗಳ ಪ್ರವಚನ ಕೇಳುವ ದಿನ, ಆ ಮಾತುಗಳ ಅರ್ಥ ಕಿವಿಗಷ್ಟೇ ಅಲ್ಲದೆ ಅನುಭವಕ್ಕೂ ಬಂದಿರುತ್ತದೆ.

ಶ್ರಾವಕನ ಪ್ರತಿಮೆಗಳ ಸೋಪಾನವನ್ನು ನೋಡಿದರೂ ದಾರಿ ಸ್ಪಷ್ಟವಿದೆ. ಕ್ಷುಲ್ಲಕರಿಗೆ ಕೌಪೀನ ಮತ್ತು ಒಂದು ತುಂಡು ವಸ್ತ್ರ, ಐಲಕರಿಗೆ ಕೌಪೀನವೊಂದೇ, ಆರ್ಯಿಕೆಯರಿಗೆ ಒಂದು ಬಿಳಿಯ ಸೀರೆ, ಮುನಿಗಳಿಗೆ ದಿಕ್ಕೇ ಅಂಬರ. ಮೇಲೆ ಮೇಲೆ ಏರಿದಂತೆ ಬಟ್ಟೆ ಕಡಿಮೆಯಾಗುತ್ತ ಹೋಗುತ್ತದೆ. ಶ್ರವಣಬೆಳಗೊಳದ ಬೆಟ್ಟವನ್ನೇರುವ ಕುಟುಂಬಗಳು ಆ ದರ್ಶನಕ್ಕೆಂದೇ ಹೊಸ ಬಟ್ಟೆ ಕೊಂಡು ಉಟ್ಟು ಹೋಗುತ್ತವೆ. ಅಲ್ಲಿ 57 ಅಡಿಯೆತ್ತರದಲ್ಲಿ ನಿಂತ ಬಾಹುಬಲಿ ಸ್ವಾಮಿಗೆ ಇರುವುದು ಮೈಯನ್ನು ಹಬ್ಬಿದ ಬಳ್ಳಿ ಮಾತ್ರ. ಕೆಳಗಿನ ಮೆಟ್ಟಿಲಲ್ಲಿರುವ ಗೃಹಸ್ಥನಿಗೆ ಆ ಎತ್ತರ ಇಂದೇ ಎಟುಕಬೇಕಿಲ್ಲ. ಮುಖವಾದರೂ ಅತ್ತ ತಿರುಗಿರಲಿ. ಬೇಡದ ಒಂದು ಬಟ್ಟೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದ ದಿನ, ಅವನೂ ಒಂದು ಹೆಜ್ಜೆ ಮೇಲೇರಿದನೆಂದೇ ಭಾವಿಸಬೇಕು.