ಮಾಸ್ತರರಿಲ್ಲದ ಸ್ಟೇಷನ್

ಶಿಕಾಗೋ-ಡೆಟ್ರಾಯಿಟ್ ರೈಲು ದಾರಿಯಲ್ಲಿ, ಮಿಶಿಗನ್ನಿನ ನೈಋತ್ಯ ಮೂಲೆಯಲ್ಲಿ, ಡೊವಾಜಿಯಾಕ್ ಎಂಬ ಪುಟ್ಟ ಊರಿದೆ. ಶತಮಾನ ದಾಟಿದ ಸ್ಟೇಷನ್ ಕಟ್ಟಡವಿದೆ, ರೈಲೂ ನಿಲ್ಲುತ್ತದೆ. ಆದರೆ ರೈಲ್ವೆ ಸಿಬ್ಬಂದಿ ಒಬ್ಬರೂ ಇಲ್ಲ. ಶಂಕರ್‌ನಾಗ್ ಅವರು ‘ಮಾಲ್ಗುಡಿ ಡೇಸ್’ಗಾಗಿ ಮಾಲ್ಗುಡಿ ಮಾಡಿಕೊಂಡ ಅರಸಾಳು ಸ್ಟೇಷನ್ನನ್ನು ನೆನೆಯುವ ನಮ್ಮಂಥವರಿಗೆ, ಬಾವುಟ ಹಿಡಿದ ಮಾಸ್ತರರಿಲ್ಲದ ಸ್ಟೇಷನ್ ಅರ್ಚಕರಿಲ್ಲದ ಗುಡಿಯಂತೆ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಆ ಸೀಮೆಯಲ್ಲಿ ಕೆಲಸಕ್ಕಿದ್ದೆವು. ಒಂದು ಜನವರಿ ರಾತ್ರಿ ಶಿಕಾಗೋದಿಂದ ಬಂದ ನೆಂಟರನ್ನು ಕರೆತರಲು ಹೋದಾಗ, ಅದೇ ರೈಲಿನಿಂದ ಒಬ್ಬ ವೃದ್ಧೆಯೂ ಇಳಿದರು. ಅವರಿಗಾಗಿ ಯಾರೂ ಬಂದಿರಲಿಲ್ಲ. ನಮ್ಮ ಫೋನ್ ಕೊಟ್ಟೆವು, ಮಗ ಎತ್ತಲಿಲ್ಲ. “ಬರುತ್ತಾನೆ, ನೀವು ಹೊರಡಿ” ಎಂದರು. ಹೊರಟೆವು. ಹತ್ತು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ಕಾರು ತಿರುಗಿಸಿದೆವು. ಪ್ಲಾಟ್‌ಫಾರಂ ಬರಿದಾಗಿತ್ತು. ಮಗ ಬಂದನೋ, ಬೇರಾರು ಕರೆದೊಯ್ದರೋ, ಇಂದಿಗೂ ತಿಳಿಯದು.

ನಾವು ವೈದ್ಯರು ನಮ್ಮ ಪಟ್ಟಿಯ ರೋಗಿಗಾಗಿ ರಾತ್ರಿಯಿಡೀ ಎದ್ದಿರುತ್ತೇವೆ. ಪಕ್ಕದ ಹಾಸಿಗೆಯವರು ನೀರು ಕೇಳಿದರೆ ನರ್ಸನ್ನು ಕರೆಯುತ್ತೇವೆ. ಇದು ತಪ್ಪಲ್ಲ, ಕೆಲಸ ಹಂಚಿಕೊಳ್ಳದೆ ಆಸ್ಪತ್ರೆ ನಡೆಯದು. ಆದರೆ ಕರೆಯಲು ಯಾರೂ ಇಲ್ಲದ ಕಡೆ ಕರ್ತವ್ಯ ಯಾರದು?

ಆ ಊರಿಗೆ ಈ ಪ್ರಶ್ನೆ ಹಳೆಯದು. 1854ರ ಅಕ್ಟೋಬರ್ 1ರಂದು ನ್ಯೂಯಾರ್ಕಿನ ಸುಮಾರು 45 ದಿಕ್ಕಿಲ್ಲದ ಮಕ್ಕಳು ಅಲ್ಲಿಗೆ ರೈಲಿನಲ್ಲಿ ಬಂದಿಳಿದರು. ಚಿಲ್ಡ್ರನ್ಸ್ ಏಡ್ ಸೊಸೈಟಿ ಕಳಿಸಿದ ಮೊದಲ ‘ಅನಾಥರ ರೈಲು’ ಅದು. 1929ರವರೆಗೆ ಹೀಗೆ ಊರೂರಿಗೆ ಹೋದ ಮಕ್ಕಳು ಎರಡು ಲಕ್ಷದಷ್ಟು ಎಂದು ಅಂದಾಜು. ಗುರುತಿಲ್ಲದ ಜನ ಅವರನ್ನು ಮನೆಗೆ ಕರೆದೊಯ್ದರು. ಕೆಲವರಿಗೆ ತಂದೆತಾಯಿ ಸಿಕ್ಕರು. ಕೆಲವರು ಹೊಲದ ಆಳುಗಳಾದರು. ಮುಂದೆ ಬಂದವರೆಲ್ಲ ಒಳ್ಳೆಯವರೇನೂ ಅಲ್ಲ. ಹಾಗೆಂದು ಯಾರೂ ಮುಂದೆ ಬಾರದೇ ಇದ್ದಿದ್ದರೆ?

ನಮಗೆ ತೋಚಿದ್ದು ಇಷ್ಟೇ. ಅಧಿಕಾರಿ ಇಲ್ಲದ ಕಡೆ ಕರ್ತವ್ಯ ಇಲ್ಲವಾಗುವುದಿಲ್ಲ. ಅಲ್ಲಿ ನಿಂತವರ ಹೆಗಲಿಗೆ ಬರುತ್ತದೆ. ಎಷ್ಟು ಹೊತ್ತು? ಮತ್ತೊಬ್ಬರು ಬಂದು ವಹಿಸಿಕೊಳ್ಳುವವರೆಗೆ. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ನಾವು ಪಾಲಿಸುವ ನಿಯಮವೂ ಇದೇ. ಆಕೆಯೇ ಹೊರಡಿ ಎಂದರಲ್ಲ ಎನ್ನಬಹುದು. ನಮ್ಮ ತಾಯಂದಿರೂ ಹಾಗೆಯೇ ಹೇಳುತ್ತಿದ್ದರು, ನಾವು ಹೊರಡುತ್ತಿದ್ದೆವೇ? ದೂರದಲ್ಲಿ ಕಾರು ನಿಲ್ಲಿಸಿ, ಅವರಿಗೆ ಸಂಕೋಚವಾಗದಂತೆ ಕಾದಿರಬಹುದಿತ್ತು.

ರೆಸಿಡೆನ್ಸಿಗೆಂದು ಈ ದೇಶಕ್ಕೆ ಬಂದ ರಾತ್ರಿ ವಿಮಾನ ಮೂರು ಗಂಟೆ ತಡ. ಹೆಸರು ಮಾತ್ರ ಕೇಳಿದ್ದ ಕನ್ನಡಿಗರೊಬ್ಬರು ಕೈಯಲ್ಲಿ ಒಂದು ಹೆಚ್ಚಿನ ಸ್ವೆಟರ್ ಹಿಡಿದು ಕಾದಿದ್ದರು. ನಮ್ಮಲ್ಲಿ ಅನೇಕರಿಗೆ ಇಂಥ ನೆನಪುಂಟು. ಆ ಋಣವನ್ನು ಕೊಟ್ಟವರಿಗೇ ತೀರಿಸಲಾಗದು; ಮುಂದಿನ ರೈಲಿನಿಂದ ಇಳಿಯುವವರಿಗೆ ತೀರಿಸಬೇಕು. ಆ ರಾತ್ರಿ ನಮಗೆ ಅಂಥ ಅವಕಾಶ ಬಂದಿತ್ತು, ಕೈಬಿಟ್ಟೆವು.