ದನಿ ಒಡೆಯದ ಹುಡುಗ ಮತ್ತು ನಮ್ಮ ಭಾಷಣ

ತಿಂಥಣಿಯಲ್ಲಿ, ಮೌನೇಶ್ವರನ ಗುಡಿಗೆ ಹೋಗುವ ದಾರಿಯಲ್ಲಿ ಒಬ್ಬ ತಾಯಿ ನಮ್ಮನ್ನು ತಡೆದು ನಿಲ್ಲಿಸಿದಳು. "ಮಾಸ್ತರ, ನನ್ನ ಮಗಗ ಹದಿನೈದು ತುಂಬಿ ಹದಿನಾರು ನಡದಾವ್ರಿ. ಇನ್ನಾ ಸಣ್ಣ ಸಾಲಿ ಹುಡುಗನಂಗೇ ಕಾಣ್ತಾನ. ದನಿ ಒಡದಿಲ್ಲ, ಮೀಸಿ ಚಿಗತಿಲ್ಲ. ಓರಗಿ ಹುಡುಗ್ರು ಗಿಡ್ಡ್ಯಾ ಅಂತ ಕಾಡ್ತಾರ. ಹರಕಿ ಹೊತ್ತೀನಿ. ನೀವೂ ಏನರ ಹೇಳ್ರಿ." ಹಿಂದೆ ನಿಂತ ಹುಡುಗ ಕಾಲಬೆರಳಿನಿಂದ ಮಣ್ಣು ಕೆದರುತ್ತಿದ್ದ.

ನಾವು ಹೋರಾಟದ ಮಂದಿ. ಹುಡುಗನನ್ನು ಗೋಡೆಗೆ ನಿಲ್ಲಿಸಿ, ನೆರೆದವರ ಎದುರೇ ಗೇಣು ಹಾಕಿ ಅಳೆದು, "ನೋಡ್ರಿ, ಹಸಿವು ಕದ್ದ ಮೈ ಇದು" ಎಂದು ಭಾಷಣ ಶುರು ಮಾಡಿದೆವು. ಹುಡುಗ ಓಡಿಹೋದ. ಇದನ್ನೇ ಊರ ಗೌಡ ಮಾಡಿದ್ದರೆ ನಾವು ಅಪಮಾನ ಎಂದು ಕೂಗುತ್ತಿದ್ದೆವು. ನಾವು ಮಾಡಿದರೆ ಅದು ಜಾಗೃತಿಯೆ?

ಆಡಿದ ಮಾತೇನೋ ಪೂರಾ ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು! ತಾಯಿಯ ರಕ್ತಹೀನತೆಯಿಂದ, ಹೊಟ್ಟೆಯೊಳಗಿರುವಾಗಲೇ ಈ ಕೊರತೆ ಶುರುವಾಗುತ್ತದೆ. ಅರೆಹೊಟ್ಟೆಯ ಮೈಗೆ ಹರೆಯವೂ ತಡವಾಗಿ ಬರುತ್ತದೆ.

ಆದರೆ ಜಿಲ್ಲೆಯ ಲೆಕ್ಕದಿಂದ ಒಬ್ಬ ಹುಡುಗನ ಕಾಯಿಲೆ ಗೊತ್ತಾಗುವುದಿಲ್ಲ. ಕೆಲವರು ಯಾವ ರೋಗವೂ ಇಲ್ಲದೆ, ಅಪ್ಪನ ಹಾಗೆಯೇ ತಡವಾಗಿ ಬೆಳೆಯುತ್ತಾರೆ. ಕೆಲವರಿಗೆ ಥೈರಾಯಿಡ್ ತೊಂದರೆ ಇರಬಹುದು, ಕರುಳಿನ ಹಳೇ ಬೇನೆ ಇರಬಹುದು. ಹದಿನಾಲ್ಕು ತುಂಬಿದರೂ ಹುಡುಗನಲ್ಲಿ, ಹದಿಮೂರು ತುಂಬಿದರೂ ಹುಡುಗಿಯಲ್ಲಿ ಹರೆಯದ ಯಾವ ಗುರುತೂ ಕಾಣದಿದ್ದರೆ ತೋರಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಹುಡುಗರಲ್ಲಿ ಮೊದಲ ಗುರುತು ವೃಷಣ ದೊಡ್ಡದಾಗುವುದು. ದನಿ, ಮೀಸೆ ಆಮೇಲಿನವು. ಇದನ್ನು ಸಾಲಿಯಲ್ಲಿ ಯಾವ ಮಾಸ್ತರನೂ ಬಾಯಿಬಿಟ್ಟು ಹೇಳುವುದಿಲ್ಲ (ನಮ್ಮಲ್ಲೂ ಮಾಸ್ತರರಿದ್ದಾರೆ, ನಾವೂ ಹೇಳಿರಲಿಲ್ಲ). ಎಡಗೈ ಮಣಿಕಟ್ಟಿನ ಎಕ್ಸರೇ ತೆಗೆದರೆ ಎಲುಬಿನ ವಯಸ್ಸು ತಿಳಿಯುತ್ತದೆ. ಎಲುಬು ಇನ್ನೂ ಎಳೆಯದಿದ್ದರೆ ಬೆಳೆಯಲು ಅವಕಾಶ ಉಳಿದಿದೆ ಎಂದರ್ಥ.

ಎಲ್ಲ ನೋಡಿದ ಮೇಲೆ ವೈದ್ಯ "ಕಾಯಿರಿ" ಎನ್ನಬಹುದು. ಉಳ್ಳವನ ಮಗನಿಗೂ ಅದೇ ಮಾತು. ಆದರೆ ಅವನಿಗೆ ರಕ್ತ, ಎಲುಬು ನೋಡಿದ ಮೇಲೆ ಹೇಳುತ್ತಾರೆ. ಈ ತಾಯಿಗೆ ಏನೂ ನೋಡದೆ ಹೇಳುತ್ತಾರೆ. ಈ ಎರಡು ಕಾಯುವಿಕೆ ಒಂದೇ ಹೇಗಾದೀತು?

ಕಾಯಬೇಕಾದರೂ ಹೊಟ್ಟೆಗೆ ಬೇಕಲ್ಲ. 2021ರ ಡಿಸೆಂಬರಿನಲ್ಲಿ ಯಾದಗಿರಿಯೂ ಸೇರಿ ಏಳು ಜಿಲ್ಲೆಗಳ ಸಾಲಿ ಮಕ್ಕಳಿಗೆ ಬಿಸಿಯೂಟದಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಬೀದಿಗೆ ಬಂದರು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನು, ಮೊಟ್ಟೆಯಿಲ್ಲದ ಗದಗ ಜಿಲ್ಲೆಯ ಮಕ್ಕಳ ಜೊತೆ ತೂಗಿ ನೋಡಿತು. ಯಾದಗಿರಿಯ ಮಕ್ಕಳು ಹೆಚ್ಚು ತೂಕ ಪಡೆದಿದ್ದರು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರು ದಿನವೂ ಮೊಟ್ಟೆ ಎಂದಾಯಿತು. ಆದರೆ ಸಾಲಿಯಲ್ಲಿದ್ದವರಿಗೆ ಮಾತ್ರ. ನಾರಾಯಣಪುರದ ಎಡದಂಡೆ ಕಾಲುವೆ ಇದೇ ಸುರಪುರ ಸೀಮೆಯಲ್ಲಿ ಹರಿದರೂ ಭೂಮಿಯಿಲ್ಲದವರ ಗುಳೆ ನಿಂತಿಲ್ಲ. ಬೆಂಗಳೂರಿನ ಕಟ್ಟಡದ ಬುಡದಲ್ಲಿ ತಗಡಿನ ಶೆಡ್ಡಿನಲ್ಲಿರುವ ಹುಡುಗನ ತಟ್ಟೆಗೆ ಆ ಮೊಟ್ಟೆ ಹೋಗುವುದಿಲ್ಲ.

ಮರುವಾರ ನಾವು ಆ ತಾಯಿಯ ಮನೆ ಹುಡುಕಿಕೊಂಡು ಹೋದೆವು. ಅಪ್ಪನನ್ನು ಕೇಳಿದೆವು: ನೀನೂ ತಡವಾಗಿ ಬೆಳೆದವನೇನಪ್ಪ? "ಹೌದ್ರಿ, ಹದಿನೆಂಟರತನಕ ನಾನೂ ಹಿಂಗೇ ಇದ್ದೆ. ಆದ್ರ ಅವಾಗ ನಾವು ಒಪ್ಪತ್ತು ಉಣ್ತಿದ್ವಿ." ನಮ್ಮ ಬಳಿ ಉತ್ತರ ಇರಲಿಲ್ಲ. ಇದು ವಂಶದ ಗುಣವೋ, ಅಪ್ಪನಿಂದ ಮಗನಿಗೆ ಇಳಿದ ಹಸಿವೋ? ದವಾಖಾನೆಯ ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರು ಬರೆದಾರು.

ಹುಡುಗನನ್ನೂ ಕೇಳಿದೆವು, ಈ ಸಲ ಬೇರೆ ಕರೆದು. ಆತ ಬಹಳ ಹೊತ್ತಿನ ಮೇಲೆ ಅಂದ: "ದವಾಖಾನಿಗಿ ಬರ್ತೀನ್ರಿ. ಆದ್ರ ಮಂದಿ ಮುಂದ ಅಳೀಬ್ಯಾಡ್ರಿ."

ಹೋಗಿ ಬಂದೆವು. ಆರು ತಿಂಗಳಿಗೆ ಮತ್ತೆ ಎತ್ತರ ನೋಡಬೇಕು, ಬೆಳವಣಿಗೆ ನಡೆದಿದೆಯೋ ನಿಂತಿದೆಯೋ ಆಗಲೇ ತಿಳಿಯುವುದು ಎಂದರು. ಅಷ್ಟರೊಳಗೆ ಮನೆಯವರೆಲ್ಲ ಗುಳೆ ಹೊರಡುವವರಿದ್ದಾರೆ. ಚೀಟಿಯನ್ನು ತಾಯಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಾಳೆ. ನಾವೂ ಆ ತಾರೀಖನ್ನು ನಮ್ಮ ಸಭೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಹುಡುಗನ ಹೆಸರು ಬರೆದಿಲ್ಲ.