ಸಂಯೋಗ ಎಂಬ ಪದಾರ್ಥ: ಹಳೆಯ ಕಾರಿನ ಕೀಲನ್ನು ಕುರಿತ ಒಂದು ತಾತ್ತ್ವಿಕ ವಿಚಾರ

ಎರಡು ವಸ್ತುಗಳು ಕೂಡಿರುವಾಗ ಆ ಕೂಡುವಿಕೆಯೂ ಅವೆರಡರಂತೆ ಲೋಕದಲ್ಲಿ ಇರುವಂಥದೇ, ಅಥವಾ ನೋಡುವವರ ಬುದ್ಧಿ ಅವುಗಳ ಮೇಲೆ ಹೊರಿಸಿದ ಕಲ್ಪನೆಯೇ ಎಂಬುದು ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ಪ್ರಶ್ನೆ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ಸಂಬಂಧಪರೀಕ್ಷಾ’ ಎಂಬ ಕಿರುಗ್ರಂಥವನ್ನೇ ರಚಿಸಿ, ಪ್ರತಿಯೊಂದು ವಸ್ತುವೂ ತನ್ನಲ್ಲಿ ತಾನೇ ನಿಂತಿರುವುದರಿಂದ ಸಂಬಂಧವೆಂಬ ಬೇರೊಂದು ವಸ್ತುವಿಲ್ಲವೆಂದು ಸಾಧಿಸಿದನು. ನ್ಯಾಯ-ವೈಶೇಷಿಕರಾದರೋ ಬಿಡಿ ದ್ರವ್ಯಗಳ ಕೂಡುವಿಕೆಯನ್ನು ಸಂಯೋಗವೆಂದು ಕರೆದು ಅದನ್ನು 24 ಗುಣಗಳಲ್ಲಿ ಒಂದಾಗಿ ಎಣಿಸಿದರು. ಈ ಶಾಸ್ತ್ರಗಳ ಪಾಠ ನಡೆದುಬಂದಿರುವ ಬೆಂಗಳೂರಿನ ಚಾಮರಾಜಪೇಟೆಯ ಸಂಸ್ಕೃತ ಮಹಾವಿದ್ಯಾಲಯಕ್ಕೂ ಮೋಟಾರು ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿರುವ ಜೆ.ಸಿ. ರಸ್ತೆಗೂ ನಡುವೆ ಬಹಳ ದೂರವಿಲ್ಲ. ಆ ಅಂಗಡಿಗಳಲ್ಲಿ ಮಾರಾಟವಾಗುವ ಒಂದು ಸಣ್ಣ ಕೀಲು ಈ ವಾದದಲ್ಲಿ ಸಾಕ್ಷಿಯಾಗಿ ನಿಲ್ಲಬಲ್ಲದು.

ಗೇರುಪೆಟ್ಟಿಗೆ ಕಾರಿನ ಚಾಸಿಗೆ ಬಿಗಿದಿರುತ್ತದೆ, ಹಿಂದಿನ ಚಕ್ರಗಳು ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತವೆ. ಆದುದರಿಂದ ತಿರುಗುವ ದಂಡವೊಂದು ತನಗೆ ಓರೆಯಾಗಿರುವ ಮತ್ತೊಂದು ದಂಡಕ್ಕೆ ತನ್ನ ಸುತ್ತನ್ನು ಒಪ್ಪಿಸಬೇಕಾಗುತ್ತದೆ. ಅದಕ್ಕಾಗಿ ಇರುವುದೇ ಯೂನಿವರ್ಸಲ್ ಜಾಯಿಂಟ್. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೋ ಮತ್ತು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್, ಈ ಇಬ್ಬರ ಹೆಸರುಗಳೂ ಇದಕ್ಕೆ ಸಲ್ಲುತ್ತವೆ. ಇದರ ನಡುವೆ ನಾಲ್ಕು ತೋಳಿನ ಉಕ್ಕಿನ ‘ಕ್ರಾಸ್’ ಇರುತ್ತದೆ. ಪ್ರತಿ ತೋಳಿಗೂ ಒಳಗೆ ಸೂಜಿಯಂಥ ಉರುಳೆಗಳನ್ನು ಜೋಡಿಸಿದ ಒಂದು ಕಪ್ ಹೊದಿಸಿರುತ್ತದೆ. ಆ ಕಪ್ಪು ಹೊರಬಾರದಂತೆ ಸರ್ಕ್ಲಿಪ್ ಎಂಬ ಸ್ಪ್ರಿಂಗಿನ ಬಳೆ ತಡೆಯುತ್ತದೆ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿಯೂ, ಅದೇ ಹೆರಾಲ್ಡಿನ ವಿನ್ಯಾಸದಿಂದ ಹುಟ್ಟಿ 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನಲ್ಲಿಯೂ ಹಿಂದಿನ ಅರ್ಧದಂಡಗಳು ಇಂಥ ಕೀಲಿನಿಂದಲೇ ಡಿಫರೆನ್ಷಿಯಲ್‌ಗೆ ಕೂಡಿ, ಶಕ್ತಿಯನ್ನು ಸಾಗಿಸುವುದಲ್ಲದೆ ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಹೊಣೆಯನ್ನೂ ಹೊರುತ್ತವೆ. ಆ ಕೀಲು ಸವೆದರೆ ಚಕ್ರದ ನಿಲುವೇ ಸಡಿಲವಾಗುತ್ತದೆ.

ಕೀಲು ಸವೆದಿದೆಯೇ ಎಂಬ ಪರೀಕ್ಷೆಗೆ ಮೊದಲು ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಹಿಂಭಾಗವನ್ನು ಜಾಕಿನ ಮೇಲೆಯೇ ಬಿಡದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕನ್ನು ಸಡಿಲಿಸಬೇಕು. ಅನಂತರ ಕೀಲಿನ ಎರಡೂ ಬದಿಯ ದಂಡಗಳನ್ನು ಎರಡು ಕೈಗಳಲ್ಲಿ ಹಿಡಿದು ಪರಸ್ಪರ ವಿರುದ್ಧವಾಗಿ ತಿರುಚಿ, ಮೇಲಕ್ಕೂ ಕೆಳಕ್ಕೂ ಅಲುಗಿಸಿ ನೋಡಬೇಕು. ಕೈಗೆ ತಿಳಿಯುವಷ್ಟು ‘ಪ್ಲೇ’, ಅಂದರೆ ಸಡಿಲಾಟ, ಕಂಡರೆ ಕ್ರಾಸ್ ಬದಲಾಯಿಸುವುದೇ ಸರಿ. ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಾಣಿಸುವುದು ಒಳಗೆ ಗ್ರೀಸ್ ಒಣಗಿದೆಯೆಂಬುದರ ಗುರುತು. ಕ್ಲಚ್ ಬಿಡುವಾಗ ಕೇಳುವ ಟಕ್ಕೆಂಬ ಸದ್ದು ಸವೆತ ಮುಂದುವರಿದಿರುವುದರ ಗುರುತು. ನಿಪ್ಪಲ್ ಇರುವ ಕೀಲಿಗೆ ಗನ್ನಿನಿಂದ ಗ್ರೀಸ್ ತುಂಬುವಾಗ ನಾಲ್ಕೂ ತೋಳುಗಳ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಬಿಡಬಾರದು, ಏಕೆಂದರೆ ಮೂರು ತೋಳುಗಳು ನೆನೆದು ಒಂದು ಒಣಗಿದ್ದರೂ ಕೀಲು ಕೆಡುತ್ತದೆ. ಬಿಚ್ಚಿದ ಮೇಲೆ ಮತ್ತೆ ಮೊದಲಿನಂತೆಯೇ ಕೂಡಿಸಲು, ಬಿಚ್ಚುವ ಮೊದಲೇ ದಂಡದ ತುದಿಯನ್ನು ಬೋಲ್ಟಿನಿಂದ ಬಿಗಿಯುವ ಫ್ಲಾಂಜುಗಳ ಮೇಲೆ ಗುರುತು ಹಾಕುವುದೂ ಅಗತ್ಯ.

ಈಗ ಕೇಳಬೇಕಾದುದು, ಕೈಗೆ ಸಿಕ್ಕಿದ ಆ ಸಡಿಲಾಟ ಎಲ್ಲಿದೆ ಎಂದು. ಅದು ಕ್ರಾಸಿನಲ್ಲಿಲ್ಲ, ಕಪ್ಪಿನಲ್ಲಿಯೂ ಇಲ್ಲ. ಬಿಡಿಯಾಗಿ ಮೇಜಿನ ಮೇಲಿಟ್ಟರೆ ಎರಡೂ ತಮ್ಮ ಪಾಡಿಗೆ ತಾವಿರುವ ಉಕ್ಕಿನ ತುಂಡುಗಳು. ಕ್ರಾಸಿನ ತೋಳು ಸವೆದಿದೆ, ಕಪ್ಪು ತೋಡಾಗಿದೆ ಎಂಬ ಎರಡು ಸಂಗತಿಗಳೇ ಸಾಕು, ಮೂರನೆಯದೇಕೆ ಎಂದು ಧರ್ಮಕೀರ್ತಿಯ ಪಕ್ಷದವರು ಕೇಳಬಹುದು. ಆದರೆ ಸರ್ಕ್ಲಿಪ್ಪುಗಳು ಬೇರೆಬೇರೆ ದಪ್ಪದಲ್ಲಿ ದೊರೆಯುತ್ತವೆ. ಅದೇ ಕ್ರಾಸ್, ಅದೇ ಕಪ್ಪು ಇದ್ದು, ತೆಳುವಾದ ಸರ್ಕ್ಲಿಪ್ ಹಾಕಿದರೆ ಕೀಲು ಉದ್ದಕ್ಕೆ ಆಡುತ್ತದೆ, ಅತಿ ದಪ್ಪದ್ದು ಹಾಕಿದರೆ ಬಿಗಿದುಕೊಳ್ಳುತ್ತದೆ. ಕ್ರಾಸ್ ಮತ್ತು ಕಪ್ಪು ಎರಡೂ ಬದಲಾಗದೆ ಅವುಗಳ ನಡುವಿನದು ಮಾತ್ರ ಬದಲಾಗಿ, ಆ ಬದಲಾವಣೆ ಕಾರ್ಯವನ್ನೂ ಉಂಟುಮಾಡುವುದಾದರೆ ಅದನ್ನು ಕಲ್ಪನೆಯೆಂದು ತಳ್ಳಿಹಾಕುವುದು ಕಷ್ಟ. ಎಲ್ಲವೂ ಕ್ಷಣಮಾತ್ರ ಇರುವುದೆನ್ನುವ ಬೌದ್ಧ ಕ್ಷಣಿಕವಾದಿಯು ಪ್ರತಿ ಸ್ಥಾನದಲ್ಲಿಯೂ ಹೊಸ ಕಪ್ಪೇ ಹುಟ್ಟುತ್ತದೆಂದು ಉತ್ತರಿಸಬಲ್ಲನು. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು, ಏಕೆಂದರೆ ಫ್ಲಾಂಜಿನ ಮೇಲೆ ಇಂದು ಹಾಕಿದ ಗುರುತು ನಾಳೆಯೂ ಅದೇ ಫ್ಲಾಂಜಿನದೆಂಬ ನಂಬಿಕೆಗೆ ಅವನು ಸಂತಾನ, ಅಂದರೆ ಕ್ಷಣಗಳ ಎಡೆಬಿಡದ ಸಾಲು, ಎಂಬ ಮತ್ತೊಂದು ಕಲ್ಪನೆಯನ್ನು ಮುಂದಿಡಬೇಕಾಗುತ್ತದೆ.

ಇಲ್ಲಿ ಸಮರ್ಥಿಸಿರುವುದು ಸಂಯೋಗವನ್ನೇ ಹೊರತು, ಅವಯವ ಮತ್ತು ಅವಯವಿಗಳನ್ನು ಬಿಡಿಸಲಾಗದಂತೆ ಬೆಸೆಯುವ ಸಮವಾಯವನ್ನಲ್ಲ. ಸಮವಾಯವನ್ನು ಅದರ ಆಶ್ರಯಗಳಿಗೆ ಬೆಸೆಯಲು ಇನ್ನೊಂದು ಸಮವಾಯ ಬೇಕಾದೀತೆಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಎತ್ತಿದ ಅನವಸ್ಥಾದೋಷಕ್ಕೆ ಬಲವಿದೆ. ಬಸವನಗುಡಿಯ ಮಠಗಳಲ್ಲಿ ಪಾಠವಾಗುವ ಮಧ್ವಸಿದ್ಧಾಂತವೂ ಸಮವಾಯವನ್ನು ಒಪ್ಪುವುದಿಲ್ಲ.

ಸಂಯೋಗದ ಬಗ್ಗೆ ನೈಯಾಯಿಕರು ಹೇಳಿದ ಮತ್ತೊಂದು ಮಾತು ಈ ಕೀಲಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಸಂಯೋಗವು ತನ್ನ ಆಶ್ರಯವನ್ನೆಲ್ಲ ವ್ಯಾಪಿಸದೆ ಒಂದೆಡೆ ಮಾತ್ರ ಇರುವುದರಿಂದ ಅವರು ಅದನ್ನು ಅವ್ಯಾಪ್ಯವೃತ್ತಿ ಎಂದರು. ಮರದ ಕೊಂಬೆಯಲ್ಲಿ ಕಪಿಯ ಸಂಯೋಗವಿದೆ, ಅದೇ ಮರದ ಬುಡದಲ್ಲಿ ಇಲ್ಲ ಎಂಬುದು ಅವರ ಪ್ರಸಿದ್ಧ ಉದಾಹರಣೆ. ಸವೆದ ಕ್ರಾಸನ್ನು ಬಿಚ್ಚಿ ನೋಡಿದಾಗ ತೋಳಿನ ಸುತ್ತಲೂ ಸಮನಾದ ಸವೆತ ಕಾಣುವುದಿಲ್ಲ, ಭಾರ ಬಿದ್ದ ಬದಿಯಲ್ಲಿ ಮಾತ್ರ ಉರುಳೆಗಳು ಒತ್ತಿದ ಗೆರೆಗಳು ಸಾಲಾಗಿ ಮೂಡಿರುತ್ತವೆ. ದಂಡಗಳೆರಡೂ ಒಂದೇ ನೇರದಲ್ಲಿದ್ದರೆ ಉರುಳೆಗಳು ಉರುಳದೆ ಒಂದೇ ಜಾಗವನ್ನು ಒತ್ತುತ್ತ ಆ ಗೆರೆಗಳನ್ನು ಬೇಗನೆ ಕೊರೆಯುತ್ತವೆ. ಆದುದರಿಂದಲೇ ವಿನ್ಯಾಸಕಾರರು ಒಂದಿಷ್ಟು ಓರೆಯನ್ನು ಉದ್ದೇಶಪೂರ್ವಕವಾಗಿ ಉಳಿಸುತ್ತಾರೆ.

ಮಹಾನವಮಿಯಂದು ಆಯುಧಪೂಜೆಯಲ್ಲಿ ಚಾಮರಾಜಪೇಟೆ, ಬಸವನಗುಡಿಗಳಂಥ ಬಡಾವಣೆಗಳ ವಾಹನಗಳಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಒಡೆಯುತ್ತಾರೆ. ಸಂಯೋಗ ಸುಳ್ಳಾದರೆ ಅಲ್ಲಿ ಪೂಜೆಗೊಳ್ಳುವುದು ಕಬ್ಬಿಣದ ರಾಶಿ. ನಿಜವಾದರೆ, ಕಣ್ಣಿಗೆ ಬೀಳದ ಕೀಲುಗಳ ಬಲದಿಂದ ಒಂದಾಗಿ ನಿಂತ ರಥ. ಎರಡನೆಯ ಪಕ್ಷವನ್ನು ಒಪ್ಪಿದವರಿಗೆ ಕಾರಿನಡಿ ಮಲಗಿ ಗ್ರೀಸ್ ತುಂಬುವ ಕೆಲಸವು ಆ ಪೂಜೆಯ ಪೂರ್ವಾಂಗವೇ ಸರಿ.

ಒಂದು ತೊಡಕು ಉಳಿಯುತ್ತದೆ. ಸಂಯೋಗವು ವಿಭಾಗದಿಂದ ನಾಶವಾಗುತ್ತದೆಂದು ವೈಶೇಷಿಕರು ಹೇಳುತ್ತಾರೆ, ಆದರೆ ಸಡಿಲಗೊಂಡ ಕೀಲು ಪೂರ್ತಿ ಕೂಡಿಯೂ ಇಲ್ಲ, ಪೂರ್ತಿ ಬೇರ್ಪಟ್ಟೂ ಇಲ್ಲ. ಪರಿಮಾಣದ ಕಾರಣಗಳನ್ನು ಹೇಳುವಾಗ ವೈಶೇಷಿಕ ಆಚಾರ್ಯ ಪ್ರಶಸ್ತಪಾದರು ಹತ್ತಿಯ ಉಂಡೆಗಳ ಶಿಥಿಲಸಂಯೋಗವನ್ನು ಪ್ರಚಯವೆಂದು ಹೆಸರಿಸಿದ್ದಾರೆ. ಹತ್ತಿಯಲ್ಲಿ ಗಾತ್ರವನ್ನು ಹಿಗ್ಗಿಸುವ ಆ ಶೈಥಿಲ್ಯವನ್ನು ಉಕ್ಕಿನಲ್ಲಿ ಸದ್ದಿಗೂ ಸವೆತಕ್ಕೂ ಕಾರಣವೆಂದು ವಿಸ್ತರಿಸಲು ಶಾಸ್ತ್ರದಲ್ಲಿ ಎಡೆಯಿದೆಯೇ ಎಂಬುದನ್ನು ತರ್ಕದ ಅಭ್ಯಾಸಿಗಳು ವಿಚಾರಿಸಬೇಕಾಗಿದೆ.